ಭೇರ್ಯದ ಮಣ್ಣಿನಿಂದ ಮರಳಿ ಬಂದ ಮೂತ್ರಪಿಂಡ

1957ರ ನವೆಂಬರ್ 12, ಮಂಗಳವಾರ. ಈ ತಾರೀಖನ್ನು ನೆನಪಿನಿಂದ ಬರೆಯುತ್ತಿಲ್ಲ. ಆಗ ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸಹಾಯಕ ಪೆಥಾಲಜಿಸ್ಟ್ ಆಗಿದ್ದೆ. ಅಲ್ಲಿನ ಸ್ಪೆಸಿಮನ್ ರಿಜಿಸ್ಟರಿನ ಎರಡು ಪುಟಗಳ ಜೆರಾಕ್ಸ್ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಾಗಿದೆ. ನಮೂದು ಹೀಗಿದೆ: ‘ಎಡ ಮೂತ್ರಪಿಂಡ, ಶಸ್ತ್ರಕ್ರಿಯೆಯಲ್ಲಿ ತೆಗೆದದ್ದು. ಮಹದೇವಪ್ಪ, ವಯಸ್ಸು 42, ಭೇರ್ಯ, ಕೃಷ್ಣರಾಜನಗರ ತಾಲ್ಲೂಕು.’

ಮಹದೇವಪ್ಪನವರದು ಭತ್ತ ಮತ್ತು ಕಬ್ಬು ಬೆಳೆಯುವ ವೀರಶೈವ ಮನೆತನ. ಆ ವರ್ಷದ ಬೇಸಿಗೆಯಿಂದಲೇ ಅವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ನೋವಿರಲಿಲ್ಲವಾದ್ದರಿಂದ ಮನೆಯವರು ಉಷ್ಣವೆಂದು ತಿಳಿದು ಎಳನೀರು ಕುಡಿಸಿದ್ದರು. ದೀಪಾವಳಿಯ ಹೊತ್ತಿಗೆ ಎಡಪಕ್ಕೆಯ ಗಡ್ಡೆ ಕೈಗೆ ಸಿಗುವಷ್ಟು ಬೆಳೆದಿತ್ತು. ಎಕ್ಸ್‌ರೇ ನೋಡಿದ ಸರ್ಜನ್ ಅದನ್ನು ಹೈಪರ್‌ನೆಫ್ರೋಮ ಎಂದು ಗುರುತಿಸಿದರು. ಮೂತ್ರಪಿಂಡದ ಕ್ಯಾನ್ಸರಿಗೆ ಅಂದಿನ ಪಠ್ಯಗಳಲ್ಲಿ ಇದ್ದ ಹೆಸರು ಅದು.

ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಡುವಾಗ ರೋಗಿಯ ತಾಯಿ ನಂಜಮ್ಮ ಒಂದು ಷರತ್ತು ಹಾಕಿದರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳ್ಳಿರಿಸಿ, ವಿಭೂತಿಯೊಡನೆ ಮಣ್ಣು ಮಾಡುತ್ತಾರೆ. ಮಗನ ದೇಹದ ಒಂದು ಭಾಗ ಬೇರೆಲ್ಲೋ ಬೀಳುವುದನ್ನು ಆಕೆ ಸಹಿಸಲಾರರು. “ಎತ್ತವಳು ನಾನು ಸ್ವಾಮಿ. ತೆಗೆದದ್ದ ನಮ್ಮ ಕೈಗೆ ಕೊಡಿ. ಆಸ್ಪತ್ರೆ ತಿಪ್ಪೆಗೆ ಎಸೀಬ್ಯಾಡಿ” ಎಂದರು. ಸರ್ಜನ್ ಮಾತು ಕೊಟ್ಟರು. ಕೊಡದಿದ್ದರೆ ಅವರು ಮಗನನ್ನು ಎಬ್ಬಿಸಿಕೊಂಡು ಊರಿಗೆ ಹೊರಟುಬಿಡುತ್ತಿದ್ದರು.

ಅಂಗವೊಂದು ನಮ್ಮ ಕೈಗೆ ಬಂದಾಗ ಅದನ್ನು ಒಂದೇ ದಿನದಲ್ಲಿ ಓದಿ ಮುಗಿಸಲಾಗುವುದಿಲ್ಲ. ಫಾರ್ಮಲಿನ್ ದ್ರಾವಣ ಒಳಗಿಳಿದು ಮಾಂಸ ಗಟ್ಟಿಯಾಗಬೇಕು. ಮೊದಲ ದಿನ ನಾನು ಮೂತ್ರಪಿಂಡವನ್ನು ನಡುವೆ ಸೀಳಿ, ಗಡ್ಡೆಯಿಂದ ಎರಡು ತುಂಡು ತೆಗೆದುಕೊಂಡೆ. ಮುಖ್ಯ ರಕ್ತನಾಳವನ್ನು, ಅಂದರೆ ಮೂತ್ರಪಿಂಡದಿಂದ ಹೃದಯದ ಕಡೆಗೆ ರಕ್ತ ಒಯ್ಯುವ ರೀನಲ್ ವೇನನ್ನು, ಗಟ್ಟಿಯಾದ ಮೇಲೆ ಬಿಡಿಸೋಣವೆಂದು ಹಾಗೆಯೇ ಇಟ್ಟೆ. ಆ ವಾರದಲ್ಲೇ ಒಂದು ಶವಪರೀಕ್ಷೆಗಾಗಿ ಹುಣಸೂರಿಗೆ ಹೋಗಬೇಕಾಯಿತು. ಹಿಂತಿರುಗಿದಾಗ ಜಾಡಿ ಖಾಲಿಯಿತ್ತು. ನನ್ನ ಪರೀಕ್ಷೆ ಮುಗಿದಿದೆಯೆಂದು ತಿಳಿದ ಸರ್ಜನ್, ಕೊಟ್ಟ ಮಾತಿನಂತೆ, ರೋಗಿಯ ಅಣ್ಣ ಗುರುಸಿದ್ದಪ್ಪನವರಿಗೆ ಮೂತ್ರಪಿಂಡವನ್ನು ಒಪ್ಪಿಸಿದ್ದರು.

ನನ್ನ ವರದಿಯಲ್ಲಿ ಮೂರು ಸಂಗತಿಗಳಿದ್ದವು. ಗಡ್ಡೆ ಕ್ಯಾನ್ಸರೇ ಹೌದು. ನೋಡಿದ ತುಂಡುಗಳಲ್ಲಿ ಅದು ಮೂತ್ರಪಿಂಡದ ಹೊರಪೊರೆಯನ್ನು ದಾಟಿಲ್ಲ. ರೀನಲ್ ವೇನ್ ಪರೀಕ್ಷೆಯಾಗಿಲ್ಲ. ಸರ್ಜನ್ ಎರಡನೆಯ ಸಾಲಿನವರೆಗೆ ಓದಿ ಸಮಾಧಾನಪಟ್ಟರು.

“ವೇನಿನಲ್ಲಿ ಗಡ್ಡೆ ಇದ್ದಿದ್ದರೆ ನನ್ನ ಬೆರಳಿಗೆ ಸಿಕ್ಕಿರೋದು ಕಣ್ರೀ” ಎಂದರು.

“ಇಲ್ಲ ಅಂತ ನಾನು ಬರೆದಿಲ್ಲ ಸಾರ್. ನೋಡಿಲ್ಲ ಅಂತ ಬರೆದಿದ್ದೇನೆ.”

ಅವರು ವರದಿಯನ್ನು ಮತ್ತೊಮ್ಮೆ ಓದಿದರು. ಅನಂತರ ನಿಧಾನವಾಗಿ ವಿವರಿಸಿದರು. ನಾಳ ಸ್ವಚ್ಛವಾಗಿದ್ದರೆ ರೋಗಿಯನ್ನು ಮನೆಯಲ್ಲೇ ಬಿಡಬಹುದು. ಗಡ್ಡೆ ನಾಳವನ್ನು ಹೊಕ್ಕು, ಕತ್ತರಿಸಿದ ತುದಿಯನ್ನು ಮುಟ್ಟದೆ ನಿಂತಿದ್ದರೆ, ಮದ್ರಾಸಿಗೆ ಕಳುಹಿಸಿ ಡೀಪ್ ಎಕ್ಸ್‌ರೇ ಎಂಬ ವಿಕಿರಣ ಕೊಡಿಸಬೇಕು. ವಾರಗಟ್ಟಲೆ ನಡೆಯುವ, ಅನ್ನ ಸೇರದಂತೆ ಮಾಡುವ ಚಿಕಿತ್ಸೆ ಅದು. ತುದಿಯನ್ನೂ ದಾಟಿದ್ದರೆ ಆ ಹಿಂಸೆಯೂ ವ್ಯರ್ಥ, ಏಕೆಂದರೆ ರೋಗ ಆಗಲೇ ರಕ್ತದೊಳಗೆ ಹರಿದುಹೋಗಿರುತ್ತದೆ. ಒಂದೇ ಮೂತ್ರಪಿಂಡ ಉಳಿದಿರುವವನನ್ನು ಊಹೆಯ ಮೇಲೆ ಮದ್ರಾಸಿಗೆ ಅಟ್ಟಲು ಅವರು ಸಿದ್ಧರಿರಲಿಲ್ಲ.

“ಹೋಗಿ ಕೇಳಿ ನೋಡಿ. ಇಂಥದ್ದನ್ನ ಕಾಗದ ಬರೆದು ಕೇಳೋಕಾಗಲ್ಲ” ಎಂದರು.

ಅರಸೀಕೆರೆಯ ರೈಲಿನಲ್ಲಿ ಕೃಷ್ಣರಾಜನಗರದಲ್ಲಿಳಿದು, ಅಲ್ಲಿಂದ ಮೋಟಾರಿನಲ್ಲಿ ಭೇರ್ಯಕ್ಕೆ ಹೋದೆ. ಮಹದೇವಪ್ಪನವರು ಹೊಟ್ಟೆಗೆ ಪಂಚೆ ಬಿಗಿದುಕೊಂಡು ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಬಂದ ಕಾರಣವನ್ನು ಹೇಳಿದೆ. ಗುರುಸಿದ್ದಪ್ಪನವರು ನೆಲ ನೋಡುತ್ತ, ಅದನ್ನು ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿರುವುದಾಗಿ ತಿಳಿಸಿದರು. ತಮ್ಮನಿಗೆ ಈ ವಿಷಯ ಗೊತ್ತಿರಲಿಲ್ಲ.

“ಅಂಗಾರೆ ನಾನು ಅರ್ಧ ಆಗ್ಲೇ ಓಗಿವ್ನಿ ಅನ್ನಿ” ಎಂದರು ಮಹದೇವಪ್ಪ. “ಮೋಟ್ರಲ್ಲಿ ಟವಲ್ ಆಕಿ ಸೀಟು ಇಡ್ದಂಗೆ ಮಾಡ್‌ಬುಟ್ಟಿದ್ದೀಯಲ್ಲಣ್ಣ.”

“ಬಾಯ್ ಮುಚ್ಚಲಾ” ಎಂದರು ಅಣ್ಣ. ನಗಲು ಹೋದ ಅವರ ದನಿ ಅಲ್ಲಿಗೇ ನಿಂತಿತು.

ನಂಜಮ್ಮನವರು ನಗಲಿಲ್ಲ. “ಮಣ್ಣಿಗೆ ಕೊಟ್ಟದ್ದ ಮತ್ತೆ ಕೇಳ್ತಾರಾ ಸ್ವಾಮಿ? ಬದುಕಿರೋ ಮಗನ ಎಸ್ರಲ್ಲಿ ಗುಂಡಿ ಕೆದಕ್ಸೋಕೆ ಬಂದಿದ್ದೀರಲ್ಲ, ನಿಮ್ಗೂ ತಾಯಿ ಇಲ್ವಾ?”

ಉತ್ತರ ಕೊಟ್ಟವರು ಮಹದೇವಪ್ಪನವರೇ. “ನಂದು ತಾನೆ ಅವ್ವ ಅದು? ನಾನೇ ಕೇಳ್ತಾ ಇವ್ನಿ. ನೋಡ್ಲಿ ಬುಡು. ಮದ್ರಾಸ್ಗೆ ಓಗ್ಬೇಕಾ, ಇಲ್ಲೇ ಇರ್ಬೇಕಾ, ಅದಾರ ಗೊತ್ತಾಗ್ಲಿ.”

ಅಗೆದವರು ಅಣ್ಣ. ಮಡಕೆಯೊಳಗೆ ಉಪ್ಪು, ವಿಭೂತಿ, ಬಿಲ್ವಪತ್ರೆ. ಅವುಗಳ ನಡುವೆ ಬಿಳಿ ಬಟ್ಟೆಯ ಗಂಟು. ಹೂಳುವುದಕ್ಕೆ ಮೊದಲೇ ಫಾರ್ಮಲಿನ್‌ನಲ್ಲಿ ಇದ್ದುದರಿಂದ ಅದು ಕೊಳೆತಿರಲಿಲ್ಲ, ಸುರುಟಿಕೊಂಡಿತ್ತು. ನಾನು ಒಯ್ದಿದ್ದ ಜಾಡಿಗೆ ಅದನ್ನು ಇಳಿಸುವಾಗ ತಾಯಿ ಮನೆಯ ಒಳಗಿದ್ದರು. ಬಾಗಿಲು ಮುಚ್ಚಿತ್ತು.

ಮೈಸೂರಿಗೆ ಬಂದು, ತೊಳೆದು, ನಾಳವನ್ನು ಉದ್ದಕ್ಕೆ ಬಿಡಿಸಿದೆ. ಸೂಕ್ಷ್ಮದರ್ಶಕದ ಅಗತ್ಯವೇ ಬೀಳಲಿಲ್ಲ. ಹಳದಿ ಬೆರೆತ ಕಂದು ಬಣ್ಣದ ಗಡ್ಡೆ ನಾಳವನ್ನು ಒಳಗಿನಿಂದ ತುಂಬಿಕೊಂಡು, ಸರ್ಜನ್ ಕತ್ತರಿಸಿದ ತುದಿಯವರೆಗೂ ಬಂದಿತ್ತು. ಆ ತುದಿಯ ಮುಖದಲ್ಲೇ ಅದು ಕಾಣುತ್ತಿತ್ತು, ಎಂದರೆ ತುದಿಯನ್ನು ದಾಟಿ ದೇಹದೊಳಗೂ ಉಳಿದಿತ್ತು. ಅದು ಗೋಡೆಗೆ ಅಂಟಿಕೊಳ್ಳದೆ ಮೆತ್ತಗೆ ಬೆಳೆದಿದ್ದರಿಂದ ಅವರ ಬೆರಳಿಗೆ ಸಿಕ್ಕಿರಲಿಲ್ಲ. ಆದರೂ ಸ್ಲೈಡ್ ಮಾಡಿ ನೋಡಿದೆ. ಜೀವಕೋಶಗಳ ಬಣ್ಣ ಮಾಸಿದ್ದರೂ ಅವುಗಳ ಜೋಡಣೆ ಮೊದಲ ತುಂಡುಗಳಲ್ಲಿ ಕಂಡದ್ದೇ ಆಗಿತ್ತು. ಒಂದರ್ಧ ರೋಗ ಜಾಡಿಯಲ್ಲಿತ್ತು, ಇನ್ನರ್ಧ ಭೇರ್ಯದ ಜಗಲಿಯ ಮೇಲೆ ಕುಳಿತಿತ್ತು. ಸರ್ಜನ್ ಸ್ಲೈಡಿನಿಂದ ಕಣ್ಣು ತೆಗೆದು, “ಮದ್ರಾಸು ಬೇಡ” ಎಂದಷ್ಟೇ ಹೇಳಿದರು.

ಫಲಿತಾಂಶವನ್ನು ರೋಗಿಗಲ್ಲ, ಮನೆಯ ಹಿರಿಯರಿಗೆ ಹೇಳುವುದು ಅಂದಿನ ರೂಢಿ. ನವೆಂಬರ್ ಕೊನೆಯಲ್ಲಿ ಗುರುಸಿದ್ದಪ್ಪನವರು ಬಂದರು. ನನ್ನ ಕೋಣೆಗೂ ಹೊರಗಿನ ಕೌಂಟರಿಗೂ ನಡುವೆ ಇದ್ದದ್ದು ಒಂದು ಅರ್ಧಬಾಗಿಲು. ಅವರು ಕುರ್ಚಿಯ ಅಂಚಿನಲ್ಲಿ ಕುಳಿತರು. ಹಿಂದಕ್ಕೆ ಕೊಡಬೇಕಿದ್ದ ಮೂತ್ರಪಿಂಡದ ಜಾಡಿಯನ್ನು ಅಟೆಂಡರ್ ಹೊರಗೆ ಸಿದ್ಧ ಮಾಡುತ್ತಿದ್ದ.

ಎಲ್ಲವನ್ನೂ ಹೇಳಿದೆ. “ಎಷ್ಟು ದಿಸ?” ಎಂದು ಕೇಳಿದರು. ಮುಂದಿನ ದೀಪಾವಳಿ ಕಷ್ಟವೆಂದೆ.

ಗುರುಸಿದ್ದಪ್ಪನವರು, “ಸುಮ್ಕೆ ಮಣ್ಣಲ್ಲೇ ಬುಟ್ಟಿದ್ರೆ ಆಗಿತ್ತು” ಎಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಅವುನ್ಗೆ ಏನೂ ಇಲ್ಲ ಅಂತೀನಿ. ನೀವು ಬಾಯಿ ಬುಡಬ್ಯಾಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ.”

ನಾನು ಒಪ್ಪಿದೆ. ಆ ದಿನದ್ದೆಂದು ನನ್ನ ನೆನಪಿನಲ್ಲಿ ಉಳಿದಿರುವುದು ಅಂಗಳ ದಾಟಿ ಹೋದ ಒಬ್ಬರೇ ಒಬ್ಬರ ಬೆನ್ನು.

ಫೆಬ್ರವರಿಯಲ್ಲಿ ಸರ್ಜನ್ ನನ್ನನ್ನು ಮತ್ತೆ ಭೇರ್ಯಕ್ಕೆ ಕಳುಹಿಸಿದರು, ರೋಗಿಯ ಸ್ಥಿತಿ ನೋಡಿ ಬರಲು. ಆಲೆಮನೆ ನಡೆಯುತ್ತಿತ್ತು. ಮಹದೇವಪ್ಪನವರು ಕೊಪ್ಪರಿಗೆಯ ಒಲೆಯ ಬಳಿ ಕಂಬಳಿ ಹೊದ್ದು ಕುಳಿತು, ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂದದ್ದನ್ನು ಕೂಗಿ ಹೇಳುತ್ತಿದ್ದರು. ಕೂಗಿದಾಗಲೆಲ್ಲ ಕೆಮ್ಮು ಬರುತ್ತಿತ್ತು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ರೋಗ ಶ್ವಾಸಕೋಶಕ್ಕೆ ಹೋಗಿತ್ತು. ಅಣ್ಣ ನನಗೆ ಕಬ್ಬಿನ ಹಾಲು ತರಲು ಅತ್ತ ಹೋದಾಗ ಅವರು ನನ್ನನ್ನು ಹತ್ತಿರ ಕರೆದರು.

“ನಂಗೆ ಏನೂ ಇಲ್ಲ ಅಂತ ಅಣ್ಣ ಏಳವ್ರೆ. ಅವ್ರು ಬಂದ್ ಮೇಲೆ ನೀವೂ ಒಂದ್ಸಲ ಅಂಗೇ ಏಳಿ ಸ್ವಾಮಿ, ಅವ್ರ ಎದ್ರಿಗೆ.”

ಧೈರ್ಯಕ್ಕಾಗಿ ವೈದ್ಯರ ಬಾಯಿಂದಲೂ ಕೇಳಬಯಸುತ್ತಿದ್ದಾರೆಂದು ತಿಳಿದೆ. ಅಣ್ಣ ಲೋಟ ಹಿಡಿದು ಬಂದಾಗ, “ಏನೂ ಇಲ್ಲ, ಚೇತರಿಸಿಕೊಳ್ತೀರಿ” ಎಂದೆ. ಹಾಗೆನ್ನುವಾಗ ಮಹದೇವಪ್ಪನವರು ನನ್ನ ಮುಖ ನೋಡಲಿಲ್ಲ. ಅಣ್ಣನ ಮುಖ ನೋಡುತ್ತಿದ್ದರು.

ಮುಂಗಾರು ಹಿಡಿಯುವ ಮುನ್ನವೇ ಅವರು ತೀರಿಕೊಂಡರು. ಈ ಸುದ್ದಿಯನ್ನು ಗುರುಸಿದ್ದಪ್ಪನವರೇ ಆಸ್ಪತ್ರೆಗೆ ಬಂದು ಹೇಳಿದರು. ಮತ್ತೆ ಹೂತಿದ್ದ ಮಡಕೆಯನ್ನು ತೆಗೆದು, ಅದರಲ್ಲಿದ್ದದ್ದನ್ನು ತಮ್ಮನ ಎಡಮಗ್ಗುಲಿಗೆ ಇಟ್ಟು ಮಣ್ಣು ಕೊಟ್ಟರಂತೆ. ತಾಯಿಗೆ ಅಷ್ಟು ಸಮಾಧಾನವಾಯಿತೆಂದರು.

ವೃತ್ತಿ ಈ ಪ್ರಕರಣದಿಂದ ನನಗೆ ಕಲಿಸಿದ್ದು ಒಂದೇ. ‘ನೋಡಿದೆ, ಇಲ್ಲ’ ಎಂಬುದೂ ‘ನೋಡಿಲ್ಲ’ ಎಂಬುದೂ ವರದಿಯಲ್ಲಿ ಎಂದೂ ಒಂದಾಗಬಾರದು. ನೋಡದೆ ಬಿಟ್ಟದ್ದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಿವೃತ್ತಿಯವರೆಗೂ ವಿದ್ಯಾರ್ಥಿಗಳಿಗೆ ಹೇಳಿದೆ.

ಇಷ್ಟನ್ನು ಬರೆದು ಮುಗಿಸಿ, ತಾರೀಖುಗಳನ್ನು ಮತ್ತೊಮ್ಮೆ ರಿಜಿಸ್ಟರಿನೊಡನೆ ಹೋಲಿಸಿದೆ. ‘ಹಿಂದಕ್ಕೆ ಪಡೆದವರು’ ಎಂಬ ಕಾಲಮ್ಮಿನಲ್ಲಿ ಎರಡು ಸಹಿಗಳಿವೆ. ಮೊದಲ ಬಾರಿ ಒಯ್ದವರದು ಗುರುಸಿದ್ದಪ್ಪ ಎಂದಿದೆ. ನವೆಂಬರ್ 29ರಂದು, ಎಂದರೆ ನಾನು ಅಣ್ಣನೊಡನೆ ಮಾತಾಡಿದ ದಿನ, ಜಾಡಿಯನ್ನು ಪಡೆದವರ ಸಹಿ ಬೇರೆ ಕೈಯದು. ಅಕ್ಷರಗಳು ಗುಂಡಗಿವೆ, ಸಾಲು ಕೊಂಚ ಕೆಳಕ್ಕೆ ವಾಲಿದೆ. ಹೆಸರು ಮಹದೇವಪ್ಪ. ಮುಂದೆ ಅಟೆಂಡರ್ ಬರೆದಿದ್ದಾನೆ: ‘ರೋಗಿ ಸ್ವತಃ.’ ನನ್ನ ನೆನಪಿನ ಪ್ರಕಾರ ಅಂದು ಅವರು ಭೇರ್ಯದಲ್ಲಿದ್ದರು. ರಿಜಿಸ್ಟರಿನ ಪ್ರಕಾರ ಅರ್ಧಬಾಗಿಲಿನ ಆಚೆ, ಕೌಂಟರಿನ ಮುಂದೆ ನಿಂತಿದ್ದರು.