ಒಂದು ಕೈ ಒದ್ದೆ, ಒಂದು ಕೈ ಒಣ

ಬೆಳಗಿನ ಐದೂಮುಕ್ಕಾಲು. ಹಾರನಹಳ್ಳಿ ಹೋಬಳಿಯ ಹೊಲಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಹೊಗೆಸೊಪ್ಪನ್ನು ಬಿಸಿ ಗಾಳಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಕೋಣೆ, ಬ್ಯಾರನ್ನಿನ ಗೋಡೆಗೆ ಒರಗಿಸಿದ ಏಣಿಯ ತುದಿಯಲ್ಲಿ ಐವತ್ತನಾಲ್ಕರ ಚಾಮುಂಡಮ್ಮ ಆಗಲೇ ನಿಂತಿದ್ದಾರೆ. ಎಡಗೈಯನ್ನು ಚೊಂಬಿನ ನೀರಲ್ಲಿ ಅದ್ದಿ, ಬಲಗೈಯನ್ನು ಸೆರಗಿಗೆ ಒರೆಸಿ, ಎರಡನ್ನೂ ಮೇಲಿನ ಕಿಟಕಿಯೊಳಗೆ ಚಾಚುತ್ತಾರೆ.

"ಎರಡು ಕೈಯೂ ಒಂದೇ ಬಿಸಿ ಕಣಣ್ಣ. ಒಳಗಡೆ ಗಾಳಿ ನೀರು ಕುಡ್ದು ತುಂಬೋಗ್ಯದೆ. ಈಗ ಆಚೆ ಬುಡ್ದೇ ಇದ್ರೆ ಸೊಪ್ಪು ಕಪ್ಪಾಯ್ತದೆ."

ಕೆಳಗೆ ನಿಂತ ಯಜಮಾನ ಶಿವನಂಜಪ್ಪನವರು ಗೋಡೆಯ ಥರ್ಮಾಮೀಟರ್ ನೋಡಿ, ಮೂವತ್ತೆಂಟು ಡಿಗ್ರಿಯೇ ಇದೆಯಲ್ಲ ಎನ್ನುತ್ತಾರೆ. ಅದು ಬಿಸಿಯನ್ನಷ್ಟೇ ಹೇಳುತ್ತದೆ, ತೇವದ ಮಾತೆತ್ತುವುದಿಲ್ಲ. ಗಾಳಿ ಒಣಗಿದ್ದರೆ ಒದ್ದೆ ಕೈಯ ನೀರು ಆರಿ ಆ ಕೈ ತಣ್ಣಗಾಗಬೇಕು. ಈ ವಿದ್ಯೆ ಚಾಮುಂಡಮ್ಮನಿಗೆ ಬಂದದ್ದು ಬ್ಯಾರನ್ ಕಾಯುತ್ತಲೇ ಆಯಸ್ಸು ಕಳೆದ ಅಪ್ಪ ದೊಡ್ಡಬೀರಯ್ಯನಿಂದ. ಹದಿನಾರಕ್ಕೆ ಹಿಡಿದ ಕೆಲಸ. ದಿನಕ್ಕೆ ಇಪ್ಪತ್ತು ಸಲ ಏಣಿ ಹತ್ತಿಳಿಯಬೇಕು, ಒಂದು ಬ್ಯಾರನ್ ಬೇಯಲು ಆರು ದಿನ ಬೇಕು.

ಅಂಥವರ ಕೈಯಲ್ಲೂ ಮೂರು ವರ್ಷದ ಹಿಂದೆ ಇದೇ ಬ್ಯಾರನ್ನಿನ ಸೊಪ್ಪು ಕಪ್ಪಾಗಿತ್ತು. "ಹೆಂಗಸ್ರ ಕೈಗೆ ಬೆಂಕಿ ಕೊಟ್ರೆ ಇಷ್ಟೇಯ" ಎಂದು ಶಿವನಂಜಪ್ಪ ಟೀ ಅಂಗಡಿಯಲ್ಲಿ ಕೂತು ಹೇಳಿದ್ದರು. ಆ ಮಾತು ಊರೂರು ಸುತ್ತಿತು, ಕರೆಯುವವರು ಕಮ್ಮಿಯಾದರು. ಈ ಸಲ ಬ್ಯಾರನ್ ಕಾಯುವ ದೇವಯ್ಯ ಕಾಲು ಮುರಿದುಕೊಂಡಿದ್ದರಿಂದ ವಿಧಿಯಿಲ್ಲದೆ ಇವರನ್ನು ಕರೆದಿದ್ದಾರೆ. ಇದೂ ಕಪ್ಪಾದರೆ ಮುಗಿಯಿತು, ಇನ್ನು ಹೋಬಳಿಯಲ್ಲಿ ಯಾರೂ ಇವರ ಕೈಗೆ ಬ್ಯಾರನ್ ಕೊಡುವುದಿಲ್ಲ.

ಮೇಲಿನ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ಅರ್ಧ ಗಂಟೆಯಾಯಿತು. ಮತ್ತೆ ಕೈ ಚಾಚಿದರೆ ಅಯ್ಯೋ ಶಿವನೇ, ಎರಡೂ ಮೊದಲಿನಷ್ಟೇ ಬಿಸಿ! ಅವತ್ತೂ ಹೀಗೇ ಆಗಿತ್ತು. ಚಾಮುಂಡಮ್ಮ ಕಿಟಕಿಯೊಳಕ್ಕೆ ಬಗ್ಗಿ ನೋಡುತ್ತಾರೆ.

"ಬಿಸಿ ಗಾಳಿ ಅಗುರ, ಮ್ಯಾಕೆ ಓಗ್ಲೇಬೇಕು. ಆಚೆ ಇಷ್ಟು ಚಳಿ ಇದ್ರೆ ಇನ್ನೂ ಜೋರಾಗಿ ಗಾಳಿ ಎಳೀಬೇಕು. ಯಾಕೆ ಎಳೀತಿಲ್ಲ?"

ದಡದಡ ಇಳಿದು ಬ್ಯಾರನ್ ಸುತ್ತ ಒಂದು ಸುತ್ತು ಬರುತ್ತಾರೆ. ಹಿಂಬದಿಯಲ್ಲಿ ಆಳೆತ್ತರದ ಸೌದೆ ರಾಶಿ, ಮೇಲೊಂದು ಟಾರ್ಪಾಲು. ಮಳೆಗೆ ನೆನೆಯದಿರಲಿ, ಗೋಡೆಯ ಕಾವಿಗೆ ಒಣಗಲಿ ಎಂದು ಶಿವನಂಜಪ್ಪನವರೇ ಮಳೆ ಹೆಚ್ಚಾದ ವರ್ಷಗಳಲ್ಲಿ ಅಲ್ಲಿ ಒಟ್ಟುವುದು. ಅದರ ಹಿಂದೆಯೇ ಇವೆ ಗಾಳಿ ಒಳಬರುವ ತಳದ ಕಂಡಿಗಳು. ಕೆಳಗಿನಿಂದ ಗಾಳಿ ಬಾರದೆ ಮೇಲಿನಿಂದ ಹೋಗುವುದಾದರೂ ಹೇಗೆ?

ಇಬ್ಬರೂ ಸೇರಿ ಸೌದೆ ಎಳೆದು ಹಾಕುತ್ತಾರೆ. ಕೊನೆಯ ಕೊರಡು ಸರಿದದ್ದೇ ತಡ, ಅಂಗಳದ ಮಂಜು ಎಳೆಎಳೆಯಾಗಿ ಕಂಡಿಯೊಳಕ್ಕೆ ನುಗ್ಗುತ್ತದೆ. ಚಾಮುಂಡಮ್ಮ ಏಣಿ ಹತ್ತಿದವರೇ ಎಡಗೈ ಮತ್ತೆ ಒದ್ದೆ ಮಾಡಿ ಕೈ ಚಾಚುತ್ತಾರೆ. ಕಾಲು ಗಂಟೆಯಲ್ಲಿ ಬಲಗೈ ಬಿಸಿ, ಎಡಗೈ ತಣ್ಣಗೆ.

"ಎಳೀತದೆ ಕಣಣ್ಣ, ಎಳೀತದೆ" ಎಂದು ಏಣಿಯ ಮೇಲೇ ನಗುತ್ತಾರೆ, ಕಣ್ಣಲ್ಲಿ ನೀರು. ಶಿವನಂಜಪ್ಪ ಮಾತ್ರ ಸೌದೆಯನ್ನೇ ನೋಡುತ್ತ ನಿಂತುಬಿಟ್ಟಿದ್ದಾರೆ.

ಆರನೇ ದಿನ ಕೋಳಿ ಕೂಗುವ ಮೊದಲೇ ಚಾಮುಂಡಮ್ಮ ಬ್ಯಾರನ್ನಿನ ಬಾಗಿಲು ತೆರೆದಿಟ್ಟಿದ್ದಾರೆ. ಗರಿಗರಿ ಒಣಗಿದ ಎಲೆ ಬೆಳಗಿನ ತಂಪು ಗಾಳಿಯ ತೇವ ಹೀರಿ ಮೆತ್ತಗಾಗಿದೆ. ಶಿವನಂಜಪ್ಪ ಒಂದೆಲೆ ಮುಷ್ಟಿಯಲ್ಲಿ ಮುದುರಿ ಬಿಡುತ್ತಾರೆ. ಪುಡಿಯಾಗದೆ ಅರಳುತ್ತದೆ, ನಿಂಬೆಹಣ್ಣಿನ ಬಣ್ಣ.

"ಅವತ್ತೂ ಆ ಸೌದೆ ಒಟ್ಟಿದ್ದು ನಾನೇ ಅಲ್ವಾ ಚಾಮುಂಡಕ್ಕ? ತಪ್ಪಾಯ್ತು."

ಎಲೆ ಕಟ್ಟಿದ ಕಡ್ಡಿಗಳನ್ನು ಇಳಿಸುತ್ತಿದ್ದ ಚಾಮುಂಡಮ್ಮ ತಿರುಗಿ ನೋಡುವುದಿಲ್ಲ. ಕೈಯ ಕೆಲಸವೂ ನಿಲ್ಲುವುದಿಲ್ಲ.

"ನನ್ ತಾವ ಯಾಕಣ್ಣ ಯೋಳ್ತೀರಿ? ನಂಗೊತ್ತಾಯ್ತಲ್ಲ. ಆ ಟೀ ಅಂಗಡೀಲಿ ಕೂತ್ಕಂಡು ಯೋಳಿ. ಅವತ್ತು ಯೋಳಿದ್ರಲ್ಲ, ಅಷ್ಟೇ ಜೋರಾಗಿ."