ಕೊಕ್ಕೆಯಲ್ಲಿ ಉಳಿದ ಬಿಲ್ಲೆ

ಆ ಬಾಡಿಗೆ ವಿಮಾನ ಕಂಪನಿಯ ಚರಿತ್ರೆಯನ್ನು ಯಾರಾದರೂ ಹಳೆಯ ಪತ್ರಿಕೆಗಳಿಂದ ಹೆಕ್ಕಿ ಬರೆಯಲು ಹೊರಟರೆ, ಅಪಘಾತದ ದಿನ ವಿಮಾನದಲ್ಲಿ ಇಬ್ಬರಿದ್ದರು ಎಂದು ಬರೆಯುತ್ತಾರೆ. ಆ ಸುದ್ದಿಯನ್ನು ತಂತಿಯಲ್ಲಿ ಕಳಿಸಿದವನು ನಾನು. ಇದ್ದವರು ಮೂವರು. ಮೂರನೆಯವನು ನನ್ನ ತಮ್ಮ.

ಕಂಪನಿ ದೊಡ್ಡದೇನೂ ಅಲ್ಲ. ಯುದ್ಧದಲ್ಲಿ ವಿಮಾನ ಹಾರಿಸಿ ಬಂದಿದ್ದ ಒಬ್ಬ ಪೈಲಟ್, ಮಾರಾಟಕ್ಕೆ ಬಿದ್ದಿದ್ದ ಎರಡು ಹಳೆಯ ವಿಮಾನಗಳನ್ನು ಕೊಂಡು, ಐವತ್ತರ ದಶಕದ ನಡುವಿನಲ್ಲಿ ಅದನ್ನು ಶುರು ಮಾಡಿದರು. ರಾಬರ್ಟ್‌ಸನ್‌ಪೇಟೆಯಿಂದ ಕ್ಯಾಸಂಬಳ್ಳಿಗೆ ಹೋಗುವ ರಸ್ತೆಯ ಪಕ್ಕದ ಗಟ್ಟಿ ನೆಲವೇ ಓಡುದಾರಿ. ಒಂದು ತಗಡಿನ ಶೆಡ್ಡು, ಒಂದು ಟೆಲಿಫೋನು, ಒಂದು ಟೀ ಅಂಗಡಿ. ಎರಡು ವಿಮಾನಗಳಲ್ಲಿ ಒಂದು ಹಾರುತ್ತಿತ್ತು, ಇನ್ನೊಂದು ಅದಕ್ಕೆ ಬಿಡಿಭಾಗ ಕೊಡುತ್ತ ನಿಂತಿತ್ತು. ಚಿನ್ನದ ಗಣಿಯ ಯಂತ್ರಗಳ ಸಾಮಾನು, ಮದ್ರಾಸಿನ ಎಂಜಿನಿಯರುಗಳು, ತುರ್ತಿದ್ದಾಗ ಒಬ್ಬ ಸರ್ಜನ್, ಇಷ್ಟೇ ಅದರ ವ್ಯಾಪಾರ. ವಿಮಾನ ಇಳಿಯುವ ಮೊದಲು ಡಬ್ಬ ಬಡಿದು ದನಗಳನ್ನು ಓಡಿಸಬೇಕಿತ್ತು. ಸುತ್ತಲಿನ ಹಳ್ಳಿಯವರು ಅದನ್ನು ರೆಕ್ಕೆ ಜಟಕಾ ಎನ್ನುತ್ತಿದ್ದರು.

ಅಲ್ಲಿ ಕೆಲಸಕ್ಕಿದ್ದವರೆಲ್ಲ ಗಣಿಯ ಮನೆಗಳಿಂದ ಬಂದವರು. ಅದಕ್ಕೇ ಗಣಿಯ ಒಂದು ಪದ್ಧತಿಯೂ ಜೊತೆಗೆ ಬಂತು. ಗಣಿಗೆ ಇಳಿಯುವವನು ಹಲಗೆಯ ಕೊಕ್ಕೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡು ಇಳಿಯುತ್ತಾನೆ, ಮೇಲೆ ಬಂದಾಗ ಮತ್ತೆ ಸಿಕ್ಕಿಸುತ್ತಾನೆ. ಕೊಕ್ಕೆ ಖಾಲಿ ಇದ್ದರೆ ಮನುಷ್ಯ ಒಳಗಿದ್ದಾನೆ ಎಂದು ಅರ್ಥ. ವಿಮಾನದ ಶೆಡ್ಡಿನಲ್ಲೂ ಕಂಪನಿಯ ಗುಮಾಸ್ತ ಅಂಥದೊಂದು ಹಲಗೆ ಹೊಡೆಸಿದ್ದ. ಪೈಲಟ್‌ಗೊಂದು ಬಿಲ್ಲೆ, ಮೆಕ್ಯಾನಿಕ್‌ಗೊಂದು, ಪ್ರಯಾಣಿಕರಿಗೆ ಒಂದಷ್ಟು. ಪೈಲಟ್ ಮೊದಮೊದಲು ನಕ್ಕರು. ಆಮೇಲೆ ಅವರೂ ಬಿಲ್ಲೆ ಜೇಬಿಗೆ ಹಾಕಿಕೊಳ್ಳದೆ ಹತ್ತುತ್ತಿರಲಿಲ್ಲ.

ನಮ್ಮ ತಂದೆ ಗಣಿಯಲ್ಲಿ ಬಂಡೆ ಸಿಡಿದು ತೀರಿಕೊಂಡವರು. ಆ ದಿನ ನೆಲ ನಡುಗಿದಾಗ ಅಮ್ಮ ಎಲ್ಲರಂತೆ ಹಲಗೆಯ ಮುಂದೆ ಹೋಗಿ ನಿಂತಿದ್ದಳು. ಕೊಕ್ಕೆ ಖಾಲಿ ಇತ್ತು, ಖಾಲಿಯೇ ಉಳಿಯಿತು. ತಮ್ಮ ವಿಮಾನದ ಮೆಕ್ಯಾನಿಕ್ ಆದಾಗ ಅವಳು ಕೇಳಿದ್ದು ಒಂದೇ ಮಾತು.

"ಕೆಳಗಿಳಿಯಕ್ಕೂ ಬ್ಯಾಡ, ಮ್ಯಾಲೋಗಕ್ಕೂ ಬ್ಯಾಡ. ನೆಲದ್ ಮ್ಯಾಲಿರ್ಲಾ, ಸಾಕು."

ಅವನು ಆಣೆ ಇಟ್ಟ. ಅಮ್ಮ ದಿನವೂ ಮಧ್ಯಾಹ್ನದ ಹಾಲನ್ನು ಆ ಟೀ ಅಂಗಡಿಗೆ ಹಾಕುತ್ತಿದ್ದಳು. ಹಾಲು ಅಳೆದ ಮೇಲೆ ಶೆಡ್ಡಿಗೆ ಹೋಗಿ ಹಲಗೆ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಕೊಕ್ಕೆಯ ಜಾಗ ಗೊತ್ತಿತ್ತು. ಬಿಲ್ಲೆ ಇದ್ದರೆ ಮನೆಗೆ ಹೊರಡುತ್ತಿದ್ದಳು.

ಎಂಜಿನ್ ಹಳತಾಗುತ್ತ ಬಂತು. ದೂರದ ಹಾರಾಟಕ್ಕೆ ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು ಎಂದು ಪೈಲಟ್ ಹೇಳಿದರು. ತಮ್ಮ ಹೋಗತೊಡಗಿದ. ಬಿಲ್ಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗಾಲಿಗೆ ಕೊಟ್ಟ ಮರದ ತುಂಡುಗಳನ್ನು ಎಳೆದು, ಶೆಡ್ಡಿಗೆ ಕಾಣದ ಆ ಕಡೆಯ ಸಾಮಾನಿನ ಬಾಗಿಲಿನಿಂದ ಹತ್ತಿಬಿಡುತ್ತಿದ್ದ. ಅವನು ಬೆಸುಗೆ ಹಾಕಿಸಲು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದಾನೆ ಎಂದು ಗುಮಾಸ್ತ ತಿಳಿಯುತ್ತಿದ್ದ. ಪೈಲಟ್ ಬಿಟ್ಟರೆ ಈ ಗುಟ್ಟು ಗೊತ್ತಿದ್ದದ್ದು ನನಗೆ ಮಾತ್ರ, ತಮ್ಮನೇ ಹೇಳಿದ್ದ.

"ಅಮ್ಮಂಗೆ ಯೋಳ್ಬ್ಯಾಡ ಕಣಣ್ಣ. ಬಿಲ್ಲೆ ಅಲ್ಲೇ ಇದ್ರೆ ಅವ್ಳು ನೆಮ್ಮದಿಯಾಗ್ ಉಣ್ತಾಳೆ."

ನಾನು ಹೇಳಲಿಲ್ಲ.

ನಾನಾಗ ಬಂಗಾರಪೇಟೆಯಲ್ಲಿ ಒಂದು ಕೋಣೆ ಮಾಡಿಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ವಾರಕ್ಕೊಮ್ಮೆಯಾದರೂ ಶೆಡ್ಡಿಗೆ ಹೋಗುತ್ತಿದ್ದೆ. ಆ ಬೆಳಿಗ್ಗೆಯೂ ಹೋಗಿದ್ದೆ. ಮದ್ರಾಸಿಗೆ ಮರಳುವ ಒಬ್ಬ ಎಂಜಿನಿಯರ್ ವಿಮಾನ ಹತ್ತಿದರು. ಟೀ ಅಂಗಡಿಯವನು ಲೋಟ ಕೊಡುತ್ತ ಛೇಡಿಸಿದ.

"ಏನ್ ಪೇಪರ್ ಸಾಮಿ, ಇವತ್ತೂ ಯಾರೂ ಬೀಳ್ನಿಲ್ಲ ಅಂತ ಬೇಜಾರಾ?"

ನಾನು ನಕ್ಕೆ. ಧೂಳಿನ ಆಚೆ ತಮ್ಮ ಬಗ್ಗಿಕೊಂಡು ಓಡಿ, ವಿಮಾನದ ಹಿಂದೆ ಮರೆಯಾದದ್ದನ್ನು ನೋಡಿದೆ. ವಿಮಾನ ಎದ್ದಾಗ ನೆಲದ ಮೇಲೆ ಅವನಿರಲಿಲ್ಲ.

ಬಂಗಾರಪೇಟೆಗೆ ಮರಳಿ ಸ್ಟೇಷನ್ನಿನ ತಂತಿ ಕೋಣೆಯಲ್ಲಿ ಕುಳಿತಿದ್ದೆ. ಹಳಿ ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್ ಏದುಸಿರು ಬಿಡುತ್ತ ಸ್ಟೇಷನ್ ಮಾಸ್ಟರ ಮುಂದೆ ಬಂದು ನಿಂತ. "ಇಮಾನ ಒಗೆ ಬಿಟ್ಕಂಡು ವಾಪಸ್ ಬಂತು ಸಾರ್. ಬಂಡೆಗುಡ್ಡದ ಕಡೆ ಇಳೀತು. ಆಮ್ಯಾಕೆ ಸದ್ದೇ ಇಲ್ಲ."

ಶೆಡ್ಡಿಗೆ ಫೋನ್ ಮಾಡಿಸಿದೆ. ಗುಮಾಸ್ತನಿಗೆ ಆಗಲೇ ತಿಳಿದಿತ್ತು. ಹುಡುಕಲು ಲಾರಿ ಹೊರಟಿದೆ ಎಂದ.

"ಒಳಗೆ ಎಷ್ಟು ಜನ?" ಎಂದು ಕೇಳಿದೆ.

"ಎರಡು ಕೊಕ್ಕೆ ಖಾಲಿ ಸಾರ್. ಬೋರ್ಡೇ ಹೇಳ್ತದಲ್ಲ."

ಮೂವರು ಎಂದು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಕಾಣದಿದ್ದರೆ ಜವಾಬ್ದಾರಿಯ ಜಾಗದಲ್ಲಿ ಇರುವವರು ಹೇಳಿದ್ದನ್ನು ಬರೆಯಬೇಕು ಎಂಬುದು ನಮ್ಮ ಕಚೇರಿಯ ನಿಯಮ. ನಾನು ಕಂಡಿದ್ದೆ. ಆದರೂ ಗುಮಾಸ್ತ ಹೇಳಿದ್ದನ್ನು ಬರೆದೆ. ತಂತಿಯ ಕಾಗದದಲ್ಲಿ 'ಇಬ್ಬರು' ಎಂದು ಬರೆಯುವಾಗ, ಮೂವರು ಎಂದು ಬರೆಯದಿದ್ದರೆ ತಮ್ಮ ಅಲ್ಲಿ ಇರುವುದೇ ಇಲ್ಲ ಎಂದು ನನಗೆ ಅನ್ನಿಸಿತು. ಹೆದರಿದವನಿಗೆ ಅಷ್ಟು ತರ್ಕ ಸಾಕಾಗುತ್ತದೆ. ಪೆನ್ಸಿಲ್ ಎರಡು ಸಲ ಮುರಿಯಿತು.

ಬಸ್ಸು ಹಿಡಿದು ಶೆಡ್ಡಿಗೆ ಹೋದೆ. ದಾರಿಯುದ್ದಕ್ಕೂ, ಅವನು ಶೆಡ್ಡಿನ ಮುಂದೆ ನಿಂತು ಬೀಡಿ ಸೇದುತ್ತಿರುತ್ತಾನೆ ಎಂದು ಎಣಿಸಿಕೊಂಡೆ. ಕೊನೆಯ ಗಳಿಗೆಯಲ್ಲಿ ಇಳಿದಿರಬಹುದು. ನಾನು ನೋಡಿದ್ದು ಬೇರೆ ಯಾರೋ ಇರಬಹುದು.

ಶೆಡ್ಡಿನ ಮುಂದೆ ಅಮ್ಮ ಇದ್ದಳು. ಹಾಲಿನ ಕ್ಯಾನು ಕಾಲ ಬಳಿ ಇತ್ತು. ಅವಳು ಹೆದರಿರಲಿಲ್ಲ, ಅದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಪಾಪ, ಆ ಪೈಲಟ್ ಹೆಂಡ್ರು ಎಲ್ಲವ್ಳೋ ಏನೋ," ಎಂದಳು. "ನಮ್ದು ಅಲ್ಲೇ ನೇತಾಡ್ತೈತೆ, ಸದ್ಯ. ಆದ್ರೆ ನಿನ್ ತಮ್ಮ ನೋಡು, ಇಷ್ಟೆಲ್ಲಾ ಆದ್ರೂ ಈ ಕಡೆ ತಲೆ ಆಕಿಲ್ಲ. ಎಲ್ಲೋಗವ್ನೆ?"

"ಗೊತ್ತಿಲ್ಲ" ಎಂದೆ.

ಹೊತ್ತು ಇಳಿಯುವ ವೇಳೆಗೆ ಲಾರಿ ಬಂತು. ಗಣಿಯ ರಕ್ಷಣಾ ತಂಡದಲ್ಲಿ ಬಹುಕಾಲ ದುಡಿದಿದ್ದ ಒಬ್ಬ ಮುದುಕ ಅದರ ಮುಂದಾಳು. ಹಿಂದೆ ಕುಳಿತಿದ್ದ ಆಳುಗಳು ಹಗ್ಗ, ಡೋಲಿ ಇಳಿಸತೊಡಗಿದರು.

"ಇಬ್ರೂ ಸಿಕ್ಕವ್ರೆ," ಎಂದ ಮುದುಕ. "ಉಸುರೈತೆ, ಮಾತಿಲ್ಲ. ಆಸ್ಪತ್ರೆಗೆ ಸೇರ್ಸಿ ಬಂದ್ವಿ. ಮುಂದಿನ್ ಭಾಗ ಗುಡ್ಡದ ಈಚೆ ಬಿದ್ದೈತೆ, ಬಾಲ ಅತ್ಲಾಗ್ ಎಗರೋಗೈತೆ. ಜನ ಸಿಕ್ಕಿದ್ ಮ್ಯಾಲೆ ತಗಡು ಯಾಕ್ ಹುಡುಕ್ಬೇಕು? ನಾಳೆ ನೋಡನ."

ಗುಮಾಸ್ತ ತಲೆಯಾಡಿಸಿದ. ಆಳುಗಳು ಟೀ ಅಂಗಡಿಯ ಕಡೆ ನಡೆದರು. ಹುಡುಕಾಟ ಮುಗಿದಿತ್ತು. ಸಾಮಾನಿನ ಬಾಗಿಲು ಇದ್ದದ್ದು ಬಾಲದ ಕಡೆ. ಇನ್ನೊಂದು ಗಂಟೆಯಲ್ಲಿ ಬೆಳಕು ಹೋಗುತ್ತದೆ. ನಾನು ಅಮ್ಮನ ಹತ್ತಿರ ಹೋದೆ.

"ಅಮ್ಮ," ಎಂದೆ. "ಅವ್ನು ಇಮಾನದಾಗಿದ್ದ."

"ಯಾರು?"

ನಾನು ಹಲಗೆಯ ಕಡೆ ನೋಡಿದೆ.

"ಬಿಲ್ಲೆ ಐತಲ್ಲೋ."

"ನೀನ್ ನೋಡ್ತೀಯ ಅಂತ ತೆಗೀತಿರ್ನಿಲ್ಲ."

ಅವಳು ಶೆಡ್ಡಿನೊಳಗೆ ಹೋದಳು. ಹಲಗೆ ಎತ್ತರದಲ್ಲಿತ್ತು. ತುದಿಗಾಲಲ್ಲಿ ನಿಂತು ತಮ್ಮನ ಬಿಲ್ಲೆಯನ್ನು ಕೊಕ್ಕೆಯಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಬಂದು ಮುದುಕನ ಮುಂದೆ ನಿಂತಳು.

"ಅಣ್ಣ, ಮೂರ್ ಕೊಕ್ಕೆ ಖಾಲಿ. ಇನ್ನೊಬ್ನವ್ನೆ. ನಡೀರಿ."

ಮುದುಕ ಹಲಗೆಯನ್ನು ನೋಡಿದ. ಕೈಯಲ್ಲಿದ್ದ ಟೀಯನ್ನು ಹಾಗೇ ನೆಲಕ್ಕೆ ಚೆಲ್ಲಿ ಆಳುಗಳನ್ನು ಕೂಗಿದ. ಅಮ್ಮ ಲಾರಿಗೆ ಹತ್ತಿದಳು, ಯಾರೂ ತಡೆಯಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ.

"ನಿಂಗ್ ಯಾವಾಗ್ನಿಂದ ಗೊತ್ತು?" ಎಂದು ಕೇಳಿದಳು.

"ಬೆಳಗ್ಗಿಂದ."

ಅವಳು ಸೆರಗಿನ ಗಂಟನ್ನು ಹಿಡಿದುಕೊಂಡು ಗುಡ್ಡದ ಕಡೆ ತಿರುಗಿ ಕುಳಿತಳು.

ಗುಡ್ಡದ ಆ ಮಗ್ಗುಲಲ್ಲಿ ಎರಡು ಬಂಡೆಗಳ ನಡುವೆ ಬಾಲದ ತುಂಡು ಸಿಕ್ಕಿಕೊಂಡಿತ್ತು. ಅದಕ್ಕೂ ಕೆಳಗೆ, ಲಂಟಾನದ ಪೊದೆಯಲ್ಲಿ ತಮ್ಮ ಬಿದ್ದಿದ್ದ. ಬಲ ತೊಡೆ ಮುರಿದಿತ್ತು. ಬಹಳ ಹೊತ್ತು ಕೂಗಿ ಅವನ ಗಂಟಲು ಕಟ್ಟಿತ್ತು. ಗುಡ್ಡದ ಇನ್ನೊಂದು ಕಡೆ ಮೊದಲ ಸಲ ಲಾರಿ ಬಂದದ್ದೂ ಹೋದದ್ದೂ ಅವನಿಗೆ ಕೇಳಿಸಿತ್ತಂತೆ. ಮೊದಲು ಅವನ ಬಳಿ ತಲುಪಿದವನು ನಾನು.

"ಅಮ್ಮಂಗೆ ಗೊತ್ತಾಯ್ತಾ?" ಎಂದು ಪಿಸುಗುಟ್ಟಿದ.

ನನ್ನ ಹಿಂದಿನಿಂದಲೇ ಉತ್ತರ ಬಂತು. "ಆಯ್ತು ಕಣ್ಲಾ, ಆಯ್ತು. ಕಾಲ್ ಅಲ್ಲಾಡಿಸ್ಬ್ಯಾಡ."

ಮರುದಿನ ತಿದ್ದುಪಡಿಯ ತಂತಿ ಕಳಿಸಿದೆ. ಪತ್ರಿಕೆ ಅಷ್ಟರಲ್ಲಿ ಅಚ್ಚಾಗಿತ್ತು. ತಿದ್ದುಪಡಿ ಕೊನೆಗೂ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಪೈಲಟ್ ಮತ್ತು ಎಂಜಿನಿಯರ್ ಇಬ್ಬರೂ ಬದುಕಿಕೊಂಡರು. ಉಳಿದ ಇನ್ನೊಂದು ವಿಮಾನ ಹಾರುವ ಸ್ಥಿತಿಯಲ್ಲಿ ಇರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಕಂಪನಿ ಮುಚ್ಚಿತು, ಓಡುದಾರಿಯಲ್ಲಿ ರಾಗಿ ಬಿತ್ತಿದರು. ತಮ್ಮ ರಾಬರ್ಟ್‌ಸನ್‌ಪೇಟೆಯ ಒಂದು ಬಸ್ ವರ್ಕ್‌ಶಾಪಿಗೆ ಕುಂಟುತ್ತ ಹೋಗಿ ಬರತೊಡಗಿದ.

ಅಮ್ಮ ಆ ಬಿಲ್ಲೆಯನ್ನು ಹಿಂದಕ್ಕೆ ಕೊಡಲಿಲ್ಲ. ನಡೆದದ್ದರ ಬಗ್ಗೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನು ಬಂಗಾರಪೇಟೆಯಿಂದ ಮನೆಗೆ ಹೋದಾಗಲೆಲ್ಲ ತಟ್ಟೆ ಇಟ್ಟು ಕೇಳುತ್ತಿದ್ದಳು.

"ನಿನ್ ತಮ್ಮ ಎಲ್ಲವ್ನೆ?"

"ಹಿತ್ತಲಲ್ಲಿ ಕೈ ತೊಳೀತಾವ್ನೆ" ಎನ್ನುತ್ತಿದ್ದೆ. ನೀರಿನ ಸದ್ದು ನಮ್ಮಿಬ್ಬರಿಗೂ ಕೇಳುತ್ತಿರುತ್ತಿತ್ತು. ಅಮ್ಮ ಸೌಟನ್ನು ಕೆಳಗಿಟ್ಟು, ಹಿತ್ತಲ ಬಾಗಿಲಿಗೆ ಹೋಗಿ, ತಾನೇ ನೋಡಿಕೊಂಡು ಬಂದು ನನಗೆ ಬಡಿಸುತ್ತಿದ್ದಳು.