ಹಂದಿ ಹಾಯ್ದ ಕಾಲು

ಎಂಬತ್ತರ ದಶಕದ ಮೊದಲಲ್ಲಿ ಹೊನ್ನಾವರದ ಟಾಕೀಸಿಗೆ ಒಂದು ಹಳೆಯ ಫ್ರೆಂಚ್ ಸಿನಿಮಾ ಬಂತು. ಪೋಸ್ಟರಿನಲ್ಲಿ ಕುದುರೆ, ಕೋವಿ, ಅರೆಬೆತ್ತಲೆ ಹೆಂಗಸು, ಮೂಲೆಯಲ್ಲಿ 'ವಯಸ್ಕರಿಗೆ ಮಾತ್ರ'. ನಾನೇನು ಕಲೆ ನೋಡಲು ಹೋದವನಲ್ಲ. ಬಂದರಿನಲ್ಲಿ ಮೀನಿನ ಲಾರಿಗೆ ಐಸು ತುಂಬುತ್ತಿದ್ದೆ, ಮದುವೆಯಾಗಿರಲಿಲ್ಲ, ಎಲ್ಲರೂ ಹೋದರೆಂದು ನಾನೂ ಹೋದೆ.

ಮಾತು ಒಂದೂ ತಿಳಿಯಲಿಲ್ಲ. ತಿಳಿಯದೆ ನಷ್ಟವೂ ಆಗಲಿಲ್ಲ. ಕೆಂಪು ಕೋಟಿನ ದೊರೆಗಳು ತುತ್ತೂರಿ ಊದಿಸಿಕೊಂಡು ಬೇಟೆಗೆ ಹೊರಡುತ್ತಾರೆ, ಜಿಂಕೆಯನ್ನು ಮರೆತು ಒಬ್ಬರ ಹೆಂಡತಿಯ ಹಿಂದೆ ಇನ್ನೊಬ್ಬರು ಪೊದೆ ಹೊಗುತ್ತಾರೆ. ಸಿನಿಮಾ ಮಾಡಿದವನು ಅವರ ಮುಖಕ್ಕೆ ಚೆನ್ನಾಗಿಯೇ ಉಗಿದಿದ್ದ. ಅಷ್ಟರಲ್ಲಿ ಪ್ಯಾಂಟು ಏರಿಸಿಕೊಳ್ಳುತ್ತಿದ್ದ ಒಬ್ಬ ದೊರೆ, ಪೊದೆ ಅಲ್ಲಾಡಿತೆಂದು ಗುಂಡು ಹಾರಿಸಿದ. ಬಿದ್ದದ್ದು ಪ್ರಾಣಿಗಳನ್ನು ಎಬ್ಬಿಸುತ್ತಿದ್ದ ಆಳು. ಅವನು ತೊಡೆ ಹಿಡಿದು ಒದ್ದಾಡುತ್ತಿದ್ದರೆ ದೊರೆ ತನ್ನ ನಾಯಿಗೆ ಏನಾದರೂ ತಾಗಿತೇ ಎಂದು ಮೈ ಸವರಿ ನೋಡುತ್ತಿದ್ದ.

ಟಾಕೀಸಿಗೆ ಟಾಕೀಸೇ ನಕ್ಕಿತು. ಬಾಲ್ಕನಿಯಿಂದ ಎಲ್ಲರಿಗಿಂತ ಜೋರಾಗಿ ಬಂದ ನಗೆಯ ಗುರುತು ನನಗೆ ಸಿಕ್ಕಿತು. ಗೇರುಸೊಪ್ಪ ಕಡೆಯ ನಮ್ಮೂರಿನ ಒಡೆಯರು!

ನನ್ನಪ್ಪ ಅವರ ಹಂದಿಬೇಟೆಗೆ ಡಬ್ಬ ಬಡಿದು ಕಾಡು ಎಬ್ಬಿಸಲು ಹೋಗುತ್ತಿದ್ದ. ಗುಂಡು ಹೊಡೆದವನಿಗೆ ಹಂದಿಯ ಹಿಂದಿನ ತೊಡೆ, ಡಬ್ಬ ಬಡಿದವನಿಗೆ ಒಂದು ಪಾಲು, ನಾಯಿಗೂ ಅಷ್ಟೇ ಒಂದು ಪಾಲು. ನಮ್ಮಲ್ಲಿನ ಕ್ರಮ ಅದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದರು. "ಕಾಲಿಗೆ ಹಂದಿ ಹಾಯ್ತು" ಅಂದರು. ಅಪ್ಪನೂ ಅದನ್ನೇ ಅಂದ, ಆಸ್ಪತ್ರೆಯಲ್ಲೂ, ಪೊಲೀಸರ ಮುಂದೂ. ಮರುದಿನ ಒಡೆಯರ ಆಳು ಹಂದಿಯ ಹಿಂದಿನ ತೊಡೆ ತಂದು ನಮ್ಮ ಜಗಲಿಯ ಮೇಲಿಟ್ಟು ಹೋದ. ಗುಂಡು ಹೊಡೆದವರು ತಮ್ಮ ಪಾಲನ್ನೇ ಕಳಿಸಿದ್ದರು! ಊರಿಗೆಲ್ಲ ಅರ್ಥವಾಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ನಾವು ಅದನ್ನು ಬೇಯಿಸಿ ತಿಂದೆವು. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನನಗೆ ಬೇಕಾಗಿದ್ದದ್ದು ಒಂದೇ, ಅಪ್ಪ ಒಮ್ಮೆ ನಿಜ ಹೇಳಬೇಕು. ಹತ್ತು ವರ್ಷ ಕೇಳಿದೆ. ಹಂದಿಯೇ, ಹಂದಿಯೇ ಎಂದ.

ಟಾಕೀಸಿನಲ್ಲಿ ಒಡೆಯರ ಆ ನಗೆ ಕೇಳಿದ್ದೇ ಎದ್ದು ನಿಂತು ಬಾಲ್ಕನಿಯತ್ತ ಕೂಗಿದೆ, "ಎಂತ ನಗ್ತ್ರಿ ಒಡೇರೆ? ನೀವ್ ಹೊಡ್ದದ್ದೂ ಹಿಂಗೇ ಅಲ್ವ?"

"ಏ, ಕೂತ್ಕಳಾ ಮಾರಾಯ, ಹೆಂಗ್ಸು ಕಾಣುದಿಲ್ಲ!" ಹಿಂದಿನವರು ಅಂಗಿ ಹಿಡಿದು ಎಳೆದರು. ಬಾಲ್ಕನಿಯ ನಗು ನಿಂತಿತೋ ಇಲ್ಲವೋ, ಶಿಳ್ಳೆಯ ಗದ್ದಲದಲ್ಲಿ ಕೇಳಲಿಲ್ಲ. ಥೂ, ಎಂಥ ಜನ!

ಮನೆಗೆ ಹೋಗಿ ಅಪ್ಪನ ಮುಂದೆ ಎಲ್ಲ ಕಾರಿದೆ.

"ಅಂಥ ಪಿಚ್ಚರಿಗೆ ಹೋಗುಕೆ ನಾಚ್ಕೆ ಆಗುದಿಲ್ವ ನಿಂಗೆ?" ಎಂದು ನನಗೇ ಬೈದ. ಕುಂಟುತ್ತಾ ಜಗಲಿಗೆ ಹೋಗಿ ಕೂತ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಆ ಆಳನ್ನ ನೋಡುಕೆ ಅವ್ನ ಒಡೇರು ಬಂದ್ರಾ, ತಮಾ?"

"ಇಲ್ಲ."

"ನಮ್ಮೋರೂ ಬರ್ಲಿಲ್ಲ. ಗುಂಡು ಹೊಡ್ದೋರು ಒಂದ್ಸಲ ಬಂದು ನೋಡ್ಬೇಕಿತ್ತು."